ಯತೀಮ್ ಹೆಣ್ಣುಮಕ್ಕಳಿಗೆ ಮದೀನಾ ಕೊಟ್ಟ ಮನೆ

ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳಿರುವ ಒಂದು ಹದೀಸ್ ಇದೆ. ಪ್ರವಾದಿವರ್ಯರು(ಸ) ತೋರುಬೆರಳನ್ನೂ ನಡುಬೆರಳನ್ನೂ ಎತ್ತಿ ತೋರಿಸಿ, ಯತೀಮರ ಹೊಣೆ ಹೊತ್ತವನು ಸ್ವರ್ಗದಲ್ಲಿ ತಮಗೆ ಅಷ್ಟು ಹತ್ತಿರ ಇರುತ್ತಾನೆಂದು ತಿಳಿಸಿದರು. ಕೇಳುವಾಗ ಮನಸ್ಸು ಕರಗುತ್ತದೆ. ನಮಾಝ್ ಮುಗಿಸಿ ಹೊರಬರುವಾಗ ಯತೀಮ್‌ಖಾನಾದ ಡಬ್ಬಿಗೆ ಹತ್ತೋ ಐವತ್ತೋ ರೂಪಾಯಿ ಹಾಕುತ್ತೇವೆ. ಅದೂ ಪುಣ್ಯದ ಕೆಲಸವೇ.

ಆದರೆ ಆ ಮಾತನ್ನು ಮೊದಲು ಕೇಳಿಸಿಕೊಂಡ ಸಹಾಬಿಗಳ ಊರಿನಲ್ಲಿ ಅಂಥ ಡಬ್ಬಿ ಇರಲಿಲ್ಲ, ಯತೀಮ್‌ಖಾನಾದ ಕಟ್ಟಡವೂ ಇರಲಿಲ್ಲ. ತಂದೆಯನ್ನು ಕಳೆದುಕೊಂಡ ಹೆಣ್ಣುಮಕ್ಕಳು ಮಾತ್ರ ಬಹಳ ಇದ್ದರು. ಅವರು ಯಾರ ಮನೆಯಲ್ಲಿ ಮಲಗಿದರು? ಅವರ ತಲೆ ಬಾಚಿದವರು ಯಾರು? ಅವರ ಪಾಲಿನ ಆಸ್ತಿ ಯಾರ ಕೈಯಲ್ಲಿತ್ತು? ಮದುವೆಯ ಮಾತು ಬಂದಾಗ ಅವರನ್ನು ಯಾರಾದರೂ ಕೇಳಿದರೇ? ಹದೀಸ್ ಮತ್ತು ಚರಿತ್ರೆಯ ಗ್ರಂಥಗಳಲ್ಲಿ ಇದಕ್ಕೆಲ್ಲ ಉತ್ತರವಿದೆ. ಒಂದೇ ಕಡೆ ಇಲ್ಲ, ಅಲ್ಲಲ್ಲಿ ಚದುರಿಕೊಂಡಿದೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಡ ಹೆಣ್ಣುಮಗುವಿಗೆ ಸೂರು ಕೊಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಆ ಸೂರಿನ ಕೆಳಗೆ ಅವಳು ಸುರಕ್ಷಿತಳಾಗಿರಲು ಮನೆಯ ಯಜಮಾನನ ಕೈಗೂ ಕಟ್ಟುಪಾಡು ಬೇಕು. ಇಸ್ಲಾಮ್ ಎರಡನ್ನೂ ಮಾಡಿತು.

ಗುಂಡಿಯ ಅಂಚಿನಿಂದ ಮನೆಗೆ

ಈ ಕಥೆ ಪ್ರವಾದಿತ್ವಕ್ಕಿಂತ ಮೊದಲೇ, ಮಕ್ಕಾದಲ್ಲಿ ಶುರುವಾಗುತ್ತದೆ. ಅಲ್ಲಿ ಝೈದ್ ಬಿನ್ ಅಮ್ರ್ ಬಿನ್ ನುಫೈಲ್ ಎಂಬ ಒಬ್ಬರಿದ್ದರು. ವಿಗ್ರಹಾರಾಧನೆಯನ್ನು ಬಿಟ್ಟು ಇಬ್ರಾಹೀಮ್(ಅ)ರ ಧರ್ಮವನ್ನು ಹುಡುಕುತ್ತಾ ಹೊರಟವರು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಸಹಾಬಿಗಳಲ್ಲಿ ಒಬ್ಬರಾದ ಹಝ್ರತ್ ಸಈದ್(ರ)ರ ತಂದೆ. ಅವರು ಕಅಬಾದ ಗೋಡೆಗೆ ಬೆನ್ನು ಕೊಟ್ಟು ನಿಂತು ಕುರೈಶರನ್ನು ಎಚ್ಚರಿಸುತ್ತಿದ್ದುದನ್ನು ತಾವು ಕಂಡಿದ್ದಾಗಿ ಹಝ್ರತ್ ಅಸ್ಮಾ ಬಿಂತ್ ಅಬೂಬಕರ್(ರ) ಹೇಳಿದ್ದಾರೆ. ಬುಖಾರಿಯಲ್ಲಿ ಈ ವರದಿ ಇದೆ.

ಅದೇ ವರದಿಯಲ್ಲಿ ಅವರ ಇನ್ನೊಂದು ಕೆಲಸದ ಪ್ರಸ್ತಾಪವೂ ಇದೆ. ಯಾರಾದರೂ ತನ್ನ ಹೆಣ್ಣುಮಗುವನ್ನು ಕೊಲ್ಲಲು ಹೊರಟರೆ ಝೈದ್ ಅವನನ್ನು ತಡೆಯುತ್ತಿದ್ದರು. ಕೊಲ್ಲಬೇಡ, ಇವಳ ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದು ಮಗುವನ್ನು ಮನೆಗೆ ಕರೆತರುತ್ತಿದ್ದರು. ಅವಳು ಬೆಳೆದ ಮೇಲೆ ತಂದೆಯ ಬಳಿ ಹೋಗಿ, ಬೇಕಿದ್ದರೆ ನಿನ್ನ ಮಗಳನ್ನು ಕರೆದುಕೊಂಡು ಹೋಗು, ಇಲ್ಲವಾದರೆ ಇನ್ನು ಮುಂದೆಯೂ ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಝೈದ್ ಆ ತಂದೆಗೆ ಬರೀ ಉಪದೇಶ ಮಾಡಲಿಲ್ಲ, ಅವನ ಭಯದ ಮೂಲವಾದ ಖರ್ಚನ್ನೇ ತಮ್ಮ ಮೇಲೆ ಹಾಕಿಕೊಂಡರು. ಹಾಗೆಯೇ, ಸಾಕಿದ್ದೇನೆಂಬ ಕಾರಣಕ್ಕೆ ಹುಡುಗಿಯನ್ನು ತಮ್ಮ ಸ್ವತ್ತು ಮಾಡಿಕೊಳ್ಳಲಿಲ್ಲ. ಮುಂದೆ ಪವಿತ್ರ ಕುರ್‌ಆನ್ ಬಡತನದ ಕಾರಣಕ್ಕೆ ಮಕ್ಕಳನ್ನು ಕೊಲ್ಲುವುದನ್ನು ಎರಡು ಕಡೆ ನಿಷೇಧಿಸಿತು. ಅಲ್‌ಅನ್‌ಆಮ್ ಅಧ್ಯಾಯದ 151ನೇ ಸೂಕ್ತದಲ್ಲಿ ಈಗಾಗಲೇ ಬಂದಿರುವ ಬಡತನದ ಮಾತಿದೆ. ಅಲ್ಲಿ ಮೊದಲು ತಂದೆ ತಾಯಿಗೆ, ನಂತರ ಮಕ್ಕಳಿಗೆ ಅನ್ನದ ಭರವಸೆ. ಬನೀ ಇಸ್ರಾಈಲ್ ಅಧ್ಯಾಯದ 31ನೇ ಸೂಕ್ತದಲ್ಲಿ ಮುಂದೆ ಬರಬಹುದಾದ ಬಡತನದ ಭಯವಿದೆ. ಅಲ್ಲಿ ಮೊದಲು ಮಕ್ಕಳಿಗೆ ಭರವಸೆ, ನಂತರ ಹೆತ್ತವರಿಗೆ. ಹುಟ್ಟುವ ಮಗಳು ತನ್ನ ಅನ್ನವನ್ನು ತಾನೇ ತರುತ್ತಾಳೆ ಎಂಬ ಸಾಂತ್ವನ ಈ ಕ್ರಮದಲ್ಲಿದೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ಮಸೀದಿಯ ಜಾಗ, ಮೂವರು ಹೆಣ್ಣುಮಕ್ಕಳು

ಹಿಜ್‌ರಾದ ನಂತರ ಪ್ರವಾದಿವರ್ಯರು(ಸ) ಮದೀನಾದಲ್ಲಿ ಮಸೀದಿ ಕಟ್ಟಲು ಆರಿಸಿಕೊಂಡ ಜಾಗ ಖರ್ಜೂರ ಒಣಗಿಸುವ ಕಣವಾಗಿತ್ತು. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಯತೀಮ್ ಹುಡುಗರದ್ದು. ಅವರು ಬೆಳೆಯುತ್ತಿದ್ದುದು ಅನ್ಸಾರಿ ನಾಯಕ ಹಝ್ರತ್ ಅಸ್‌ಅದ್ ಬಿನ್ ಝುರಾರಾ(ರ)ರ ಆಶ್ರಯದಲ್ಲಿ. ಹುಡುಗರು ಜಾಗವನ್ನು ಉಚಿತವಾಗಿ ಕೊಡಲು ಸಿದ್ಧರಿದ್ದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ, ಬೆಲೆ ಕೊಟ್ಟೇ ತೆಗೆದುಕೊಂಡರು. ಅಲ್ಲಾಹನ ಮನೆಗೂ ಯತೀಮರ ಜಾಗ ಪುಕ್ಕಟೆಯಾಗಿ ಬರಬಾರದೆಂಬ ಪಾಠದ ಮೇಲೆ ಮಸ್ಜಿದುನ್ನಬವಿಯ ಅಡಿಪಾಯ ಬಿತ್ತು.

ಮಸೀದಿಯ ಕೆಲಸ ನಡೆಯುತ್ತಿರುವಾಗಲೇ, ಹಿಜ್‌ರಾದ ಮೊದಲ ವರ್ಷದಲ್ಲೇ, ಅಸ್‌ಅದ್(ರ) ಕಾಯಿಲೆಯಿಂದ ತೀರಿಕೊಂಡರು. ನಿನ್ನೆಯವರೆಗೆ ಪರರ ಯತೀಮ್ ಮಕ್ಕಳನ್ನು ಸಾಕಿದವರ ಸ್ವಂತ ಮಕ್ಕಳು ಇಂದು ಯತೀಮರಾದರು. ಕಬ್ಶಾ, ಹಬೀಬಾ, ಫಾರಿಆ ಎಂಬ ಮೂವರು ಹೆಣ್ಣುಮಕ್ಕಳು. ಸಾಯುವ ಮುನ್ನ ಅವರು ಮಕ್ಕಳ ಹೊಣೆಯನ್ನು ಪ್ರವಾದಿವರ್ಯರಿಗೆ(ಸ) ಒಪ್ಪಿಸಿದ್ದರು. ಇಬ್ನ್ ಸಅದ್‌ರ ಗ್ರಂಥದ ಪ್ರಕಾರ ಆ ಮಕ್ಕಳು ಪ್ರವಾದಿ(ಸ)ರ ಮನೆಯವರೊಂದಿಗೇ ಇದ್ದರು, ಪತ್ನಿಯರ ಕೋಣೆಗಳಲ್ಲಿ ಓಡಾಡಿಕೊಂಡು ಬೆಳೆದರು. ಒಮ್ಮೆ ಮುತ್ತು ಕೂಡಿಸಿದ ಚಿನ್ನದ ಓಲೆಗಳು ಬಂದಾಗ ಪ್ರವಾದಿವರ್ಯರು(ಸ) ಅವನ್ನು ಈ ಹುಡುಗಿಯರಿಗೆ ತೊಡಿಸಿದರು.

ತಿಂಗಳುಗಟ್ಟಲೆ ಒಲೆ ಉರಿಯದಿದ್ದ ಮನೆ ಅದು ಎಂಬುದು ನಮಗೆಲ್ಲ ಗೊತ್ತು. ಆ ಮನೆಯಲ್ಲಿ ಯತೀಮ್ ಹುಡುಗಿಯರ ಕಿವಿ ಬರಿದಾಗಿರಲಿಲ್ಲ. ಯತೀಮ್ ಮಗುವಿಗೆ ಹಳೆಯ ಬಟ್ಟೆ, ಉಳಿದ ಊಟ ಸಾಕು ಎನ್ನುವ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು, ಆ ಮನೆಯಿಂದಂತೂ ಬಂದಿಲ್ಲ.

ಉಹುದ್‌ನ ನಂತರ

ಹಿಜ್‌ರಾದ ಮೂರನೇ ವರ್ಷ, ಕ್ರಿ.ಶ. 625ರಲ್ಲಿ ಉಹುದ್ ಯುದ್ಧ ನಡೆಯಿತು. ಸುಮಾರು 70 ಮಂದಿ ಹುತಾತ್ಮರಾದರು. ಮದೀನಾದಂಥ ಚಿಕ್ಕ ಊರಿನಲ್ಲಿ ಒಂದೇ ದಿನ ಅಷ್ಟು ಮನೆಗಳ ದುಡಿಯುವ ಕೈ ಹೋಯಿತು.

ಅವರಲ್ಲಿ ಹಝ್ರತ್ ಸಅದ್ ಬಿನ್ ರಬೀಅ್(ರ) ಒಬ್ಬರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ತಮ್ಮ ಆಸ್ತಿಯ ಅರ್ಧವನ್ನೇ ಕೊಡಲು ಮುಂದಾಗಿದ್ದವರು. ಅವರು ಹುತಾತ್ಮರಾದ ಮೇಲೆ ಅವರ ಸಹೋದರ ಅಂದಿನ ರೂಢಿಯಂತೆ ಆಸ್ತಿಯನ್ನೆಲ್ಲ ತೆಗೆದುಕೊಂಡ. ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದರು. ಇವರ ತಂದೆ ನಿಮ್ಮ ಜೊತೆ ಹೋರಾಡಿ ಪ್ರಾಣ ಕೊಟ್ಟರು, ಚಿಕ್ಕಪ್ಪ ಎಲ್ಲವನ್ನೂ ಎತ್ತಿಕೊಂಡ, ಕೈಯಲ್ಲಿ ಏನೂ ಇಲ್ಲದ ಇವರನ್ನು ಯಾರು ಮದುವೆಯಾಗುತ್ತಾರೆ ಎಂದು ತಮ್ಮ ಅಳಲು ತೋಡಿಕೊಂಡರು. ಅಲ್ಲಾಹನೇ ಇದನ್ನು ತೀರ್ಮಾನಿಸುತ್ತಾನೆಂದು ಪ್ರವಾದಿವರ್ಯರು(ಸ) ಹೇಳಿದರು. ನಂತರ ಅನ್ನಿಸಾ ಅಧ್ಯಾಯದ ವಾರಸುದಾರಿಕೆಯ ಸೂಕ್ತ ಅವತೀರ್ಣವಾಯಿತು. ಅವರು ಆ ಸಹೋದರನನ್ನು ಕರೆಸಿದರು. ಹೆಣ್ಣುಮಕ್ಕಳಿಬ್ಬರಿಗೆ ಮೂರನೇ ಎರಡು ಭಾಗ, ಅವರ ತಾಯಿಗೆ ಎಂಟನೇ ಒಂದು ಭಾಗ, ಉಳಿದದ್ದು ಅವನಿಗೆ. ಆಸ್ತಿಯನ್ನು 24 ಪಾಲು ಮಾಡಿದರೆ 16 ಹೆಣ್ಣುಮಕ್ಕಳದ್ದು, 3 ತಾಯಿಯದ್ದು, 5 ಚಿಕ್ಕಪ್ಪನದ್ದು. ನಿನ್ನೆ ಎಲ್ಲವೂ ತನ್ನದೆಂದವನ ಕೈಗೆ ಐದು ಪಾಲು ಬಂತು.

ಆ ಹೆಣ್ಣುಮಕ್ಕಳು ಬಡವರಾಗಿ ಹುಟ್ಟಿರಲಿಲ್ಲ, ಅವರನ್ನು ಬಡವರನ್ನಾಗಿ ಮಾಡಲಾಗಿತ್ತು. ಹಾಗಾಗಿ ಅವರಿಗೆ ಸಿಕ್ಕ ಮೊದಲ ಪರಿಹಾರ ದಾನವಾಗಿರಲಿಲ್ಲ, ಹಕ್ಕಾಗಿತ್ತು. ತಂದೆಯ ಪಾಲು ಮರಳಿ ಸಿಕ್ಕಿದಾಗ ತಾಯಿಯ ಮನೆಯೇ ಅವರಿಗೆ ಸುರಕ್ಷಿತ ಮನೆಯಾಗಲು ದಾರಿಯಾಯಿತು.

ಇನ್ನೊಂದು ಮನೆ ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ)ರದು. ಅವರ ತಂದೆಯೂ ಉಹುದ್‌ನಲ್ಲಿ ಹುತಾತ್ಮರಾದರು. ಬಿಟ್ಟುಹೋದದ್ದು ದೊಡ್ಡ ಸಾಲ, ಮತ್ತು ಹೆಣ್ಣುಮಕ್ಕಳು. ಏಳು ಎಂದು ಕೆಲವು ವರದಿ, ಒಂಬತ್ತು ಎಂದು ಕೆಲವು. ಜಾಬಿರ್(ರ) ಆಗ ಯುವಕ. ಅವರು ವಿಧವೆಯೊಬ್ಬರನ್ನು ಮದುವೆಯಾದರು. ಕನ್ಯೆಯನ್ನೇಕೆ ಆಗಲಿಲ್ಲ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದಾಗ, ಮನೆಯಲ್ಲಿ ತಂಗಿಯರಿದ್ದಾರೆ, ಅವರಷ್ಟೇ ಸಣ್ಣ ವಯಸ್ಸಿನವಳನ್ನು ತರುವ ಬದಲು ಅವರ ತಲೆ ಬಾಚಿ ನೋಡಿಕೊಳ್ಳಬಲ್ಲವಳನ್ನು ತಂದೆ ಎಂದು ಉತ್ತರಿಸಿದರು. ಪ್ರವಾದಿವರ್ಯರು(ಸ) ಮೆಚ್ಚಿ ದುಆ ಮಾಡಿದರು. ತಂಗಿಯರ ತಲೆ ಬಾಚುವ ಕೈಗಾಗಿ ತನ್ನ ಮದುವೆಯ ಆಸೆಯನ್ನೇ ಬದಲಿಸಿಕೊಂಡ ಅಣ್ಣ! ಬುಖಾರಿ, ಮುಸ್ಲಿಮ್ ಗ್ರಂಥಗಳು ಈ ಬಾಚಣಿಗೆಯ ಮಾತನ್ನೂ ಬಿಡದೆ ದಾಖಲಿಸಿವೆ.

ಮನೆಯೊಳಗೇ ಅಪಾಯವಿದ್ದಾಗ

ಆದರೆ ಮನೆಗೆ ಕರೆದುಕೊಂಡ ಮಾತ್ರಕ್ಕೆ ಹುಡುಗಿ ಸುರಕ್ಷಿತಳಾಗುತ್ತಾಳೆಯೇ? ಅನ್ನಿಸಾ ಅಧ್ಯಾಯದ ಮೂರನೇ ಸೂಕ್ತದ ಹಿನ್ನೆಲೆಯನ್ನು ಹಝ್ರತ್ ಆಯಿಶಾ(ರ) ತಮ್ಮ ಅಕ್ಕನ ಮಗ ಉರ್ವಾಗೆ ವಿವರಿಸಿದ್ದು ಈ ಪ್ರಶ್ನೆಗೇ ಉತ್ತರ. ಯತೀಮ್ ಹುಡುಗಿ ಪೋಷಕನ ಮನೆಯಲ್ಲಿರುತ್ತಾಳೆ. ಅವಳಿಗೆ ಆಸ್ತಿಯೂ ಅಂದವೂ ಇದ್ದರೆ, ನ್ಯಾಯವಾದ ಮಹ್ರ್ ಕೊಡದೆ ತಾನೇ ಅವಳನ್ನು ಮದುವೆಯಾಗಲು ಅವನು ನೋಡುತ್ತಾನೆ. ಎರಡೂ ಇಲ್ಲದಿದ್ದರೆ ಅವಳನ್ನು ಬಿಟ್ಟು ಬೇರೆಯವಳನ್ನು ಹುಡುಕುತ್ತಾನೆ. ಹೊರಗಿನವರಿಗೆ ಅವನು ಉಪಕಾರಿ, ಒಳಗೆ ನಡೆಯುವುದು ವ್ಯಾಪಾರ. ಈ ಅನ್ಯಾಯಕ್ಕೆ ಕುರ್‌ಆನ್ ತಡೆ ಹಾಕಿತು. ಯತೀಮರ ಸೊತ್ತನ್ನು ತನ್ನ ಸೊತ್ತಿನೊಂದಿಗೆ ಕಲಸಿ ತಿನ್ನಬಾರದು, ಮಕ್ಕಳು ಪ್ರಬುದ್ಧರಾದಾಗ ಸಾಕ್ಷಿಗಳನ್ನಿಟ್ಟು ಒಪ್ಪಿಸಬೇಕು ಎಂದು ಅದೇ ಅಧ್ಯಾಯದಲ್ಲಿ ವಿಧಿಸಿತು.

ಮದುವೆಯ ವಿಷಯದಲ್ಲೂ ಒಂದು ಪ್ರಕರಣ ದಾಖಲಾಗಿದೆ. ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್(ರ) ತೀರಿಕೊಂಡ ಮೇಲೆ ಅವರ ಮಗಳನ್ನು ಚಿಕ್ಕಪ್ಪ ಖುದಾಮಾ(ರ) ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಮದುವೆ ಮಾಡಿಕೊಟ್ಟರು. ವರನಲ್ಲಿ ಕೊರತೆ ಏನೂ ಇರಲಿಲ್ಲ. ಚಿಕ್ಕಪ್ಪನ ಉದ್ದೇಶವೂ ಒಳ್ಳೆಯದೇ. ಆದರೆ ಹುಡುಗಿಗೆ ಇಷ್ಟವಿರಲಿಲ್ಲ. ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂತು. ಅವಳು ಯತೀಮ್, ಅವಳ ಒಪ್ಪಿಗೆ ಇಲ್ಲದೆ ಅವಳ ನಿಕಾಹ್ ನಡೆಯದು ಎಂದು ಅವರು ತೀರ್ಪಿತ್ತರು. ಆ ಸಂಬಂಧ ಮುರಿಯಿತು. ಕೇಳುವವರಿಲ್ಲದ ಹುಡುಗಿಯನ್ನೇ ಮೊದಲು ಕೇಳಬೇಕು ಎಂಬುದು ಆ ತೀರ್ಪಿನ ಸಾರ.

ಹಂಝಾ(ರ)ರ ಮಗಳು ಯಾರ ಮನೆಗೆ?

ಹಿಜ್‌ರಾದ ಏಳನೇ ವರ್ಷ, ದುಲ್‌ಕಅದ್ ತಿಂಗಳು. ಹುದೈಬಿಯಾ ಒಪ್ಪಂದದಂತೆ ಮೂರು ದಿನ ಉಮ್ರಾ ಮುಗಿಸಿ ಮುಸ್ಲಿಮರು ಮಕ್ಕಾದಿಂದ ಹೊರಡುತ್ತಿದ್ದರು. ಆಗ ಪುಟ್ಟ ಹುಡುಗಿಯೊಬ್ಬಳು ಚಿಕ್ಕಪ್ಪಾ, ಚಿಕ್ಕಪ್ಪಾ ಎಂದು ಕೂಗುತ್ತಾ ಪ್ರವಾದಿ(ಸ)ರ ಹಿಂದೆ ಓಡಿಬಂದಳು. ಉಹುದ್‌ನಲ್ಲಿ ಹುತಾತ್ಮರಾದ ಹಝ್ರತ್ ಹಂಝಾ(ರ)ರ ಮಗಳು. ಹೆಸರು ಉಮಾರಾ ಎಂದು ಕೆಲವರು, ಉಮಾಮಾ ಎಂದು ಕೆಲವರು ಬರೆದಿದ್ದಾರೆ. ಹಝ್ರತ್ ಅಲಿ(ರ) ಅವಳ ಕೈಹಿಡಿದು, ನಿಮ್ಮ ಚಿಕ್ಕಪ್ಪನ ಮಗಳನ್ನು ತೆಗೆದುಕೊಳ್ಳಿ ಎಂದು ಹಝ್ರತ್ ಫಾತಿಮಾ(ರ)ರಿಗೆ ಒಪ್ಪಿಸಿದರು.

ನಂತರ ಒಂದು ವಿವಾದ ಎದ್ದಿತು. ಅಂಥ ವಿವಾದ ಇಂದು ನಮ್ಮ ಮನೆಗಳಲ್ಲಿ ಎದ್ದರೆ ಎಷ್ಟು ಚೆನ್ನ! ಈ ಮಗು ತಮಗೆ ಬೇಡವೆಂದಲ್ಲ, ತಮಗೇ ಬೇಕೆಂದು ಮೂವರು ಪಟ್ಟು ಹಿಡಿದರು. ತನ್ನ ಚಿಕ್ಕಪ್ಪನ ಮಗಳು, ಮೊದಲು ಕೈಹಿಡಿದವನೂ ತಾನೇ ಎಂದರು ಅಲಿ(ರ). ಹಂಝಾ ತನ್ನ ಧರ್ಮ ಸಹೋದರ, ಆದ್ದರಿಂದ ಇವಳು ತನ್ನ ಅಣ್ಣನ ಮಗಳು ಎಂದರು ಝೈದ್ ಬಿನ್ ಹಾರಿಸಾ(ರ). ತನಗೂ ಅವಳು ಚಿಕ್ಕಪ್ಪನ ಮಗಳು, ಮೇಲಾಗಿ ಅವಳ ಖಾಲಾ ತನ್ನ ಮನೆಯಲ್ಲಿದ್ದಾರೆ ಎಂದರು ಜಅಫರ್(ರ). ಅವರ ಪತ್ನಿ ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ), ಹುಡುಗಿಯ ತಾಯಿ ಸಲ್ಮಾರ ಸಹೋದರಿ.

ಪ್ರವಾದಿವರ್ಯರು(ಸ) ಮಗುವನ್ನು ಖಾಲಾಳ ಮನೆಗೆ ಕೊಟ್ಟರು. ತಾಯಿಯ ಸಹೋದರಿ ತಾಯಿಯ ಸ್ಥಾನದಲ್ಲಿರುವವಳು ಎಂದು ಕಾರಣವನ್ನೂ ಹೇಳಿದರು. ಮಗು ಸಿಗದ ಇಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ, ಮೂವರಿಗೂ ಒಂದೊಂದು ಪ್ರೀತಿಯ ಮಾತು ಹೇಳಿದರು.

ಮೂವರು ಗಂಡಸರೂ ತಮ್ಮ ತಮ್ಮ ಸಂಬಂಧ ಹೇಳಿಕೊಂಡರು. ತೀರ್ಪು ನಿಂತದ್ದು ಮನೆಯೊಳಗಿನ ಹೆಂಗಸಿನ ಮೇಲೆ. ಬೆಳೆಯುವ ಹುಡುಗಿಗೆ ರಾತ್ರಿ ಹೊಟ್ಟೆನೋವು ಬಂದರೆ ಹೇಳಿಕೊಳ್ಳಲು ಯಾರಿದ್ದಾರೆ ಎಂಬುದು ಮುಖ್ಯವಾಯಿತು. ಇದಕ್ಕೆ ಇನ್ನೊಂದು ಬೇಲಿಯೂ ಇದೆ. ಹೆಂಡತಿ ನಿಕಾಹ್‌ನಲ್ಲಿರುವಾಗ ಅವಳ ಸಹೋದರಿಯ ಮಗಳನ್ನು ಮದುವೆಯಾಗುವುದು ನಮ್ಮ ಶರೀಅತ್‌ನಲ್ಲಿ ನಿಷಿದ್ಧ. ಪೋಷಕನೇ ಆಸೆಪಡುವ ಆ ಹಳೆಯ ದಾರಿ ಖಾಲಾಳ ಮನೆಯಲ್ಲಿ ಮುಚ್ಚಿರುತ್ತದೆ.

ಆಯಿಶಾ(ರ)ರ ಕೋಣೆಯಲ್ಲಿ ಬೆಳೆದವರು

ಉಮ್ಮುಲ್ ಮೂಮಿನೀನ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಆದರೆ ಅವರ ಮನೆ ಮಕ್ಕಳಿಂದ ತುಂಬಿತ್ತು. ತಮ್ಮ ಸಹೋದರನ ಯತೀಮ್ ಹೆಣ್ಣುಮಕ್ಕಳನ್ನು ಅವರು ತಮ್ಮ ಆಶ್ರಯದಲ್ಲಿ ಸಾಕುತ್ತಿದ್ದರು, ಆ ಹುಡುಗಿಯರು ಆಭರಣ ತೊಡುತ್ತಿದ್ದರು ಎಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ತಮ್ಮಲ್ಲಿದ್ದ ಯತೀಮರ ಹಣವನ್ನು ಅವರು ವ್ಯಾಪಾರಿಗಳಿಗೆ ಕೊಟ್ಟು ಮಕ್ಕಳ ಹೆಸರಿನಲ್ಲೇ ಬೆಳೆಸುತ್ತಿದ್ದರು. ಸುಮ್ಮನೆ ಇಟ್ಟ ಹಣ ವರ್ಷವರ್ಷದ ಝಕಾತ್‌ನಲ್ಲೇ ಕರಗಿಹೋಗುತ್ತದೆ, ಆದ್ದರಿಂದ ಅದನ್ನು ವ್ಯಾಪಾರದಲ್ಲಿ ತೊಡಗಿಸಿ ಎಂಬ ಸಲಹೆಯನ್ನು ಹಝ್ರತ್ ಉಮರ್(ರ) ಅದಾಗಲೇ ಕೊಟ್ಟಿದ್ದರು. ಅವರ ಆಶ್ರಯದಲ್ಲಿ ಬೆಳೆದ ಸಹೋದರನ ಮಗ ಖಾಸಿಮ್ ಬಿನ್ ಮುಹಮ್ಮದ್ ಮುಂದೆ ಮದೀನಾದ ಏಳು ಪ್ರಸಿದ್ಧ ಫಕೀಹರಲ್ಲಿ ಒಬ್ಬರಾದರು.

ಅದೇ ಮನೆಯಲ್ಲಿ ಅಮ್ರಾ ಬಿಂತ್ ಅಬ್ದುರ್ರಹ್ಮಾನ್ ಎಂಬ ಹುಡುಗಿಯೂ ಬೆಳೆದಳು. ಅವಳು ಯಾರೆಂದರೆ, ಮೂವರು ಹೆಣ್ಣುಮಕ್ಕಳನ್ನು ಪ್ರವಾದಿ(ಸ)ರಿಗೆ ಒಪ್ಪಿಸಿ ಹೋದ ಅಸ್‌ಅದ್ ಬಿನ್ ಝುರಾರಾ(ರ)ರ ಸಹೋದರನ ಮೊಮ್ಮಗಳು. ಆಯಿಶಾ(ರ)ರಿಂದ ಕೇಳಿದ್ದನ್ನು ಅಮ್ರಾ ಜೋಪಾನವಾಗಿ ಉಳಿಸಿಕೊಂಡರು. ಹಿಜ್‌ರಾ 99ರಿಂದ 101ರವರೆಗೆ ಖಲೀಫರಾಗಿದ್ದ ಉಮರ್ ಬಿನ್ ಅಬ್ದುಲ್ ಅಝೀಝ್ ಹದೀಸ್‌ಗಳನ್ನು ಬರೆದಿಡಲು ಮದೀನಾಕ್ಕೆ ಆದೇಶ ಕಳಿಸಿದಾಗ, ಅಮ್ರಾರ ಬಳಿಯ ಹದೀಸ್‌ಗಳನ್ನು ವಿಶೇಷವಾಗಿ ಹೆಸರಿಸಿದ್ದರು. ಒಂದು ಹುಡುಗಿಗೆ ಕೊಟ್ಟ ಮನೆಯಿಂದ ಇಡೀ ಸಮುದಾಯಕ್ಕೆ ದೀನಿನ ಜ್ಞಾನ ಬಂತು.

ಮನೆಗಳು ಸಾಲದಾದಾಗ

ಕೆಲವು ಕಾಲದಲ್ಲಿ ವಿಪತ್ತು ಮನೆಗಳ ಶಕ್ತಿಯನ್ನು ಮೀರಿ ಬರುತ್ತದೆ. ನಮ್ಮ ನೆರೆಯ ಮಲಬಾರಿನಲ್ಲಿ ಹಾಗಾಯಿತು. ಆಗ ಮಲಬಾರೂ ಇಂದಿನ ದಕ್ಷಿಣ ಕನ್ನಡ, ಉಡುಪಿಗಳೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1921ರ ಹೋರಾಟ ಮತ್ತು ಅದರ ದಮನದಿಂದ ಯತೀಮರಾದ ಮಕ್ಕಳಿಗಾಗಿ 1922ರಲ್ಲಿ ಪಂಜಾಬಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿಯವರು ಕೋಝಿಕ್ಕೋಡಿನಲ್ಲಿ ಜೆ.ಡಿ.ಟಿ. ಇಸ್ಲಾಮ್ ಯತೀಮ್‌ಖಾನಾ ಸ್ಥಾಪಿಸಿದರು. 1943ರಲ್ಲಿ ಕಾಲರಾ ಮನೆಮನೆಗಳನ್ನು ಬರಿದು ಮಾಡಿದಾಗ ಕೆ.ಎಂ. ಮೌಲವಿಯವರ ಮುಂದಾಳತ್ವದಲ್ಲಿ ತಿರೂರಂಗಾಡಿ ಯತೀಮ್‌ಖಾನಾ ಹುಟ್ಟಿತು. ಇಂಥ ಸಂಸ್ಥೆಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿವೆ. ಅವುಗಳ ಋಣ ದೊಡ್ಡದು. ಆದರೆ ಪ್ರವಾಹದ ಸಮಯದಲ್ಲಿ ತೆರೆದ ಶಿಬಿರ ಇದೆಯೆಂದು ಊರಿನ ಮನೆಗಳು ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳಬಾರದು. ತಾಯಿ ಬದುಕಿದ್ದೂ, ಸಾಕುವ ಶಕ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಮಗಳನ್ನು ದೂರದ ಹಾಸ್ಟೆಲಿಗೆ ಬಿಟ್ಟು ಬರುವ ಹೆಂಗಸರು ನಮ್ಮ ಜಮಾಅತ್‌ಗಳಲ್ಲಿ ಇದ್ದಾರೆ. ಅಲ್ಲಿ ಕೊರತೆ ಇರುವುದು ತಾಯಿಯದ್ದಲ್ಲ, ತಿಂಗಳ ರೇಶನ್ನಿನದ್ದು.

ನಮ್ಮ ಸರದಿ

ಸಹೋದರ ಸಹೋದರಿಯರೇ, ಈ ಚರಿತ್ರೆಯನ್ನು ಕೇಳಿ ಮಾಶಾಅಲ್ಲಾಹ್ ಎಂದು ಎದ್ದು ಹೋಗುವುದು ಸುಲಭ. ಆದರೆ ನಮ್ಮ ಕುಟುಂಬದಲ್ಲೇ ತಂದೆ ತೀರಿಹೋದ ಹುಡುಗಿ ಇರಬಹುದು. ಅವಳ ತಂದೆಯ ಪಾಲನ್ನು ಇನ್ನೂ ವಿಭಾಗಿಸದೆ ಅನುಭವಿಸುತ್ತಿರುವವರು ನಾವೇ ಆಗಿರಬಹುದು. ಮೊದಲು ಅದನ್ನು ಕೊಡೋಣ. ತಾಯಿ ಇದ್ದರೆ ತಾಯಿಯ ಮನೆಯ ಬಾಡಿಗೆಗೂ ಅಡುಗೆ ಸಾಮಾನಿಗೂ ದಾರಿ ಮಾಡೋಣ. ತಾಯಿ ಇಲ್ಲವಾದರೆ ಖಾಲಾ, ಫುಪ್ಪು, ಅಜ್ಜಿಯರಲ್ಲಿ ಯಾರ ಮಡಿಲು ಅವಳಿಗೆ ಹತ್ತಿರ ಎಂದು ನೋಡೋಣ. ಹೊರೆ ಇಳಿಸಿಕೊಳ್ಳಲು 18 ತುಂಬುವ ಮೊದಲೇ ಅವಳ ಮದುವೆ ಮಾಡುವುದು ಕಾನೂನಿನ ಮುಂದೆ ಅಪರಾಧ. ಯಾವ ವಯಸ್ಸಿನಲ್ಲಾದರೂ ಅವಳ ಒಪ್ಪಿಗೆ ಕೇಳದಿರುವುದು ಪ್ರವಾದಿ(ಸ)ರ ತೀರ್ಪಿಗೆ ವಿರುದ್ಧ. ಮನೆಗೆಲಸದ ನೆಪದಲ್ಲಿ ಬಡ ಹುಡುಗಿಯನ್ನು ತಂದಿಟ್ಟುಕೊಂಡು ಸಾಕುತ್ತಿದ್ದೇವೆ ಎನ್ನುವುದಂತೂ ಸಾಕುವುದೇ ಅಲ್ಲ.

ಬಂಧುಗಳಲ್ಲದವರ ಮಗುವಿಗೆ ಮನೆ ಕೊಡಲು ಬಯಸುವವರು ಒಂದು ವಿಷಯ ತಿಳಿದಿರಬೇಕು. ಕಾನೂನಿನ ದಾರಿ ಬಿಟ್ಟು ಮಗುವನ್ನು ಹಾಗೆಯೇ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಹೋಗಬೇಕು. ದತ್ತು ತೆಗೆದುಕೊಳ್ಳದೆಯೇ ಮಗುವನ್ನು ಸಾಕುವ ಪೋಷಕತ್ವಕ್ಕೂ, ಮಗು ತನ್ನ ಕುಟುಂಬದಲ್ಲೇ ಉಳಿಯುವಂತೆ ನೆರವಾಗುವ ಪ್ರಾಯೋಜಕತ್ವಕ್ಕೂ ಈ ಕಾಯ್ದೆಯಲ್ಲಿ ಅವಕಾಶವಿದೆ. ತಂದೆಯ ಹೆಸರು ಅಳಿಸದೆ ಸಾಕುವ ನಮ್ಮ ಕಫಾಲತ್‌ಗೆ ಇವು ಬಹಳ ಹತ್ತಿರ. ಅಪಾಯದಲ್ಲಿರುವ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡಬೇಕು. ಮನೆಯ ಯಜಮಾನನ ಮೇಲೆ ಹೊರಗಿನ ಕಣ್ಣು ಇರುವುದು ಅವಮಾನವಲ್ಲ. ಸಾಕ್ಷಿಗಳನ್ನಿಡಿ ಎಂದು ಕುರ್‌ಆನ್ ಕಲಿಸಿದ್ದೂ ಅದನ್ನೇ.

ಕಅಬಾದ ಗೋಡೆಗೆ ಒರಗಿ ನಿಂತಿದ್ದ ಆ ಝೈದ್‌ರಿಗೆ ಪ್ರವಾದಿತ್ವದ ಕಾಲ ನೋಡುವ ಭಾಗ್ಯ ಸಿಗಲಿಲ್ಲ. ಅವರ ಕೈಯಲ್ಲಿ ಕುರ್‌ಆನ್ ಇರಲಿಲ್ಲ, ಬೆನ್ನ ಹಿಂದೆ ಜಮಾಅತ್ ಇರಲಿಲ್ಲ. ಇದ್ದದ್ದು ಒಂದು ಮನೆ, ಮತ್ತು ಇವಳ ಖರ್ಚು ನನ್ನದು ಎನ್ನುವ ಧೈರ್ಯ. ನಮ್ಮ ಬಳಿ ಎಲ್ಲವೂ ಇದೆ. ಆ ಧೈರ್ಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.